ರಸಾಯನಶಾಸ್ತ್ರದ ಬೇಸಿಗೆ ಸಂಶೋಧನಾ ಶಿಷ್ಯವೃತ್ತಿ: ಅರ್ಜಿಯಿಂದ ಕಾಶಿಯ ಪ್ರಯೋಗಾಲಯದವರೆಗೆ

ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡು ಬಿ.ಎಸ್ಸಿ. ಓದುತ್ತಿರುವ ಮಗನೋ ಮಗಳೋ ಮನೆಯಲ್ಲಿದ್ದರೆ, ಬೇಸಿಗೆ ರಜೆಯ ಎರಡು ತಿಂಗಳನ್ನು ಹೇಗೆ ಬಳಸಬೇಕೆಂಬ ಪ್ರಶ್ನೆ ಸಾಮಾನ್ಯವಾಗಿ ಏಪ್ರಿಲ್ ತಿಂಗಳಿನಲ್ಲಿ ತಲೆಯೆತ್ತುತ್ತದೆ. ಅಷ್ಟರಲ್ಲಿ ದೇಶದ ಪ್ರಮುಖ ಬೇಸಿಗೆ ಸಂಶೋಧನಾ ಶಿಷ್ಯವೃತ್ತಿಗಳ ಬಾಗಿಲು ಮುಚ್ಚಿ ಹಲವು ತಿಂಗಳುಗಳೇ ಕಳೆದಿರುತ್ತವೆ. ಅರ್ಹತೆಯಿದ್ದೂ ಅವಕಾಶ ತಪ್ಪಿಹೋಗುವುದಕ್ಕೆ ಅಂಕಗಳ ಕೊರತೆಗಿಂತ ಮಾಹಿತಿಯ ಕೊರತೆಯೇ ಹೆಚ್ಚಿನ ಕಾರಣವಾಗುತ್ತಿದೆ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಪ್ರವೇಶದ ವಿಷಯದಲ್ಲಿ ನಮ್ಮ ಕುಟುಂಬಗಳಲ್ಲಿ ಸಲಹೆ ನೀಡುವವರಿಗೆ ಬರವಿಲ್ಲ. ಮೂಲ ವಿಜ್ಞಾನದ ಹಾದಿ ಹಿಡಿದ ಮಕ್ಕಳಿಗಾದರೋ ಕೈಹಿಡಿದು ದಾರಿ ತೋರುವವರು ವಿರಳ. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವ ಉದ್ದೇಶದಿಂದ ಈ ಲೇಖನವನ್ನು ಸಂಘದ ಸದಸ್ಯ ಕುಟುಂಬಗಳ ಮುಂದಿಡುತ್ತಿದ್ದೇವೆ. ಕನ್ನಡಿಗರಿಗೆ ವಿದ್ಯೆಯ ದೃಷ್ಟಿಯಿಂದಲೂ ಹಳೆಯ ನಂಟಿರುವ ವಾರಾಣಸಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ.

ಬೇಸಿಗೆ ಶಿಷ್ಯವೃತ್ತಿ ಎಂದರೇನು?

ಪದವಿ ವಿದ್ಯಾರ್ಥಿಯೊಬ್ಬನು ಸುಮಾರು ಎಂಟು ವಾರಗಳ ಕಾಲ ಅನುಭವಿ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿದ್ದು, ಅಲ್ಲಿ ನಡೆಯುತ್ತಿರುವ ಸಂಶೋಧನೆಯ ಒಂದು ಚಿಕ್ಕ ಭಾಗವನ್ನು ತಾನೇ ಕೈಯಾರೆ ಮಾಡಿ ನೋಡುವ ವ್ಯವಸ್ಥೆಗೆ ಬೇಸಿಗೆ ಸಂಶೋಧನಾ ಶಿಷ್ಯವೃತ್ತಿ ಅಥವಾ ಸಮ್ಮರ್ ಫೆಲೋಶಿಪ್ ಎನ್ನುತ್ತಾರೆ. ಇದು ತರಗತಿಯಲ್ಲ, ಪರೀಕ್ಷೆಯೂ ಅಲ್ಲ. ಕಾಲೇಜಿನ ಪ್ರಯೋಗ ತರಗತಿಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ವಿದ್ಯಾರ್ಥಿಯು ಆ ಉತ್ತರವನ್ನು ತಲುಪಬೇಕು. ಸಂಶೋಧನಾಲಯದಲ್ಲಿ ಉತ್ತರವು ಮಾರ್ಗದರ್ಶಕರಿಗೂ ಗೊತ್ತಿರುವುದಿಲ್ಲ. ಈ ವ್ಯತ್ಯಾಸವನ್ನು ಇಪ್ಪತ್ತರ ವಯಸ್ಸಿನಲ್ಲಿ ಒಮ್ಮೆ ಅನುಭವಿಸಿ ನೋಡುವುದೇ ಈ ಯೋಜನೆಗಳ ಸಾರ.

ಇದರಲ್ಲಿ ಕುಟುಂಬಕ್ಕೂ ಸಂಬಂಧಿಸಿದ ಒಂದು ಮಾತಿದೆ. ಎಂ.ಎಸ್ಸಿ.ಗೆ ಎರಡು ವರ್ಷ, ಪಿಎಚ್.ಡಿ.ಗೆ ಐದಾರು ವರ್ಷ ಎಂದು ಲೆಕ್ಕ ಹಾಕಿದರೆ ರಸಾಯನಶಾಸ್ತ್ರದ ಸಂಶೋಧನೆಯು ಯೌವನದ ಬಹುಭಾಗವನ್ನು ಬೇಡುವ ಹಾದಿ. ಆ ಹಾದಿ ತನ್ನ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂಬುದನ್ನು ಎಂಟು ವಾರಗಳಲ್ಲಿ, ಹೆಚ್ಚು ಖರ್ಚಿಲ್ಲದೆ ತಿಳಿದುಕೊಳ್ಳುವ ಅವಕಾಶ ಇದಾಗಿದೆ. 'ಇದು ನನಗೆ ಬೇಕು' ಎಂಬ ಉತ್ತರ ದೊರೆತರೂ ಲಾಭವೇ, 'ಇದು ನನಗಲ್ಲ' ಎಂಬ ಉತ್ತರ ದೊರೆತರೂ ಲಾಭವೇ.

ಕಾಶಿ ಮತ್ತು ಕನ್ನಡಿಗರು

ಕಾಶಿ ಎಂದೊಡನೆ ನಮ್ಮ ಹಿರಿಯರಿಗೆ ವಿಶ್ವನಾಥನ ದರ್ಶನ, ಗಂಗಾಸ್ನಾನ, ಜಂಗಮವಾಡಿ ಮಠ, ಕರ್ನಾಟಕ ಘಾಟ್ ಇವು ನೆನಪಾಗುತ್ತವೆ. ವಿದ್ಯೆಯ ಇತಿಹಾಸದಲ್ಲಿಯೂ ಈ ನಂಟು ಅಷ್ಟೇ ಗಟ್ಟಿಯಾಗಿದೆ. ಪಂಡಿತ ಮದನಮೋಹನ ಮಾಳವೀಯರ ಪರಿಶ್ರಮದಿಂದ 1916ರಲ್ಲಿ ಸ್ಥಾಪನೆಯಾದ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಗಳು ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಜನ್ಮ ತಾಳಿತು. ಅದರ ಮೊದಲ ಕುಲಾಧಿಪತಿಗಳೂ ಅವರೇ. ಗಂಗೆಯ ದಡದ ವಿದ್ಯಾಸಂಸ್ಥೆಯೊಂದರ ಆರಂಭದ ಪುಟದಲ್ಲಿ ಕನ್ನಡ ನಾಡಿನ ಅರಸರ ಹೆಸರಿರುವುದು ನಮ್ಮ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ.

ರಸಾಯನಶಾಸ್ತ್ರಕ್ಕೆ ಬಂದರೆ ಈ ವಿಶ್ವವಿದ್ಯಾಲಯದ ಪರಂಪರೆ ಇನ್ನಷ್ಟು ಸ್ವಾರಸ್ಯಕರವಾಗಿದೆ. ಮುಂದೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯನ್ನು, ಅಂದರೆ ಸಿ.ಎಸ್.ಐ.ಆರ್. ಅನ್ನು, ಕಟ್ಟಿ ಬೆಳೆಸಿದ ಶಾಂತಿಸ್ವರೂಪ ಭಟ್ನಾಗರ್ ಅವರು 1921ರಿಂದ 1924ರವರೆಗೆ ಇಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿಶ್ವವಿದ್ಯಾಲಯದ ಕುಲಗೀತೆಯನ್ನು ರಚಿಸಿದವರೂ ಈ ರಸಾಯನ ವಿಜ್ಞಾನಿಯೇ.

ಕನ್ನಡಿಗರ ಪಾಲಿಗೆ ಇನ್ನೂ ಹತ್ತಿರದ ಹೆಸರು ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರದು. 1934ರ ಜೂನ್ 30ರಂದು ಬೆಂಗಳೂರಿನಲ್ಲಿ ಜನಿಸಿದ ಅವರು 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪದವಿ ಪಡೆದು, ಎಂ.ಎಸ್ಸಿ.ಗಾಗಿ ಕಾಶಿಗೆ ತೆರಳಿದರು. ಆಗ ಅವರಿಗೆ ಹದಿನೇಳು ವರ್ಷ. 1953ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದು, 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಗಳಿಸಿ, ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಹಿಂದಿರುಗಿದರು. ಹದಿಹರೆಯದ ಬೆಂಗಳೂರಿನ ಹುಡುಗನೊಬ್ಬ ರಸಾಯನಶಾಸ್ತ್ರ ಕಲಿಯಲು ಉತ್ತರದ ದೂರದ ಊರಿಗೆ ಹೊರಟಾಗ ಬೇಸಿಗೆ ಶಿಷ್ಯವೃತ್ತಿಗಳ ಅನುಕೂಲವಿರಲಿಲ್ಲ. ಎರಡು ವರ್ಷಗಳನ್ನೇ ಪಣವಾಗಿಡಬೇಕಿತ್ತು. ಇಂದಿನ ಮಕ್ಕಳಿಗೆ ಎಂಟು ವಾರಗಳ ಪರೀಕ್ಷಾರ್ಥ ಪ್ರಯಾಣ ಸಾಧ್ಯವಾಗಿದೆ. ಅಂತಹ ಅವಕಾಶಗಳನ್ನು ಕಲ್ಪಿಸಿರುವ ಸಂಸ್ಥೆಗಳ ಪೈಕಿ, 1989ರಲ್ಲಿ ರಾವ್ ಅವರೇ ಬೆಂಗಳೂರಿನಲ್ಲಿ ಸ್ಥಾಪಿಸಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಒಂದು.

ಇಂದು ಕಾಶಿಯ ಈ ವಿಶಾಲ ಆವರಣದಲ್ಲಿ ಎರಡು ಪ್ರತ್ಯೇಕ ರಸಾಯನಶಾಸ್ತ್ರ ವಿಭಾಗಗಳಿವೆ. ಒಂದು, ವಿಶ್ವವಿದ್ಯಾಲಯದ ವಿಜ್ಞಾನ ಸಂಸ್ಥೆಗೆ ಸೇರಿದ್ದು. ಇನ್ನೊಂದು, 2012ರಲ್ಲಿ ಐ.ಐ.ಟಿ. ಸ್ಥಾನಮಾನ ಪಡೆದ ಐ.ಐ.ಟಿ. (ಬಿ.ಎಚ್.ಯು.)ಗೆ ಸೇರಿದ್ದು. ಇವೆರಡರ ಆಡಳಿತ ಬೇರೆ, ನಿಯಮಗಳು ಬೇರೆ. ಅರ್ಜಿ ಅಥವಾ ಪತ್ರ ಬರೆಯುವಾಗ ಯಾವ ವಿಭಾಗವೆಂಬುದನ್ನು ಸರಿಯಾಗಿ ನಮೂದಿಸಬೇಕು.

ಮೂರು ಅಕಾಡೆಮಿಗಳ ಯೋಜನೆ

ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸುವ ಬೇಸಿಗೆ ಸಂಶೋಧನಾ ಶಿಷ್ಯವೃತ್ತಿ ಕಾರ್ಯಕ್ರಮವು ವಿದ್ಯಾರ್ಥಿಗಳು ಮೊದಲು ಗಮನಿಸಬೇಕಾದದ್ದು. ಮೇಘನಾದ ಸಹಾ ಅವರ ನೇತೃತ್ವದಲ್ಲಿ 1930ರಲ್ಲಿ ಅಲಹಾಬಾದಿನಲ್ಲಿ, ಇಂದಿನ ಪ್ರಯಾಗರಾಜದಲ್ಲಿ, ಆರಂಭವಾದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, 1934ರಲ್ಲಿ ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ಹಾಗೂ 1935ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ಬಳಿಕ ದೆಹಲಿಯಲ್ಲಿ ನೆಲೆಸಿದ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಇವೇ ಆ ಮೂರು ಸಂಸ್ಥೆಗಳು. ಹೆಸರುಗಳು ಒಂದನ್ನೊಂದು ಹೋಲುವುದರಿಂದ ಗೊಂದಲವಾಗುವುದು ಸಹಜ. ಮೂರಕ್ಕೂ ಸೇರಿ ಒಂದೇ ಅರ್ಜಿ ಎಂಬುದನ್ನು ನೆನಪಿಟ್ಟರೆ ಸಾಕು.

ಈ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗಳನ್ನು ದೇಶದ ನಾನಾ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿರುವ ಮಾರ್ಗದರ್ಶಕರ ಬಳಿಗೆ ಕಳುಹಿಸಲಾಗುತ್ತದೆ. ಅವಧಿ ಎರಡು ತಿಂಗಳು. ನಿಗದಿತ ಮಾಸಿಕ ಶಿಷ್ಯವೃತ್ತಿ ಮತ್ತು ರೈಲು ಪ್ರಯಾಣದ ವೆಚ್ಚದ ಮರುಪಾವತಿ ದೊರೆಯುತ್ತವೆ. ಮೊತ್ತವೂ ಅರ್ಹತೆಯ ವಿವರಗಳೂ ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ಓದಬೇಕು. ಆಯ್ಕೆಗೆ ಬೇರೆ ಪ್ರವೇಶ ಪರೀಕ್ಷೆಯಿಲ್ಲ. ಅಂಕಪಟ್ಟಿ, ವಿದ್ಯಾರ್ಥಿಯ ಆಶಯ ಬರಹ ಮತ್ತು ಅಧ್ಯಾಪಕರ ಶಿಫಾರಸು, ಈ ಮೂರೇ ಆಧಾರ. ಕಾಶಿಗೇ ಹೋಗಬೇಕೆಂದು ಬಯಸಿದವರಿಗೆ ಕಾಶಿಯೇ ಸಿಗುತ್ತದೆಂಬ ಭರವಸೆ ಇಲ್ಲ; ಹೈದರಾಬಾದ್, ಪುಣೆ, ಕೋಲ್ಕತ್ತ ಎಲ್ಲಿಯಾದರೂ ಸಿಗಬಹುದು. ಊರಿಗಿಂತ ಮಾರ್ಗದರ್ಶಕರು ಮುಖ್ಯವೆಂದು ಮಕ್ಕಳಿಗೆ ತಿಳಿಹೇಳುವುದು ಒಳ್ಳೆಯದು.

ಹೆಣ್ಣುಮಕ್ಕಳ ಪೋಷಕರ ಗಮನಕ್ಕೆ ಇಲ್ಲಿಯೇ ಒಂದು ಇತಿಹಾಸವನ್ನು ತರಬಯಸುತ್ತೇವೆ. 1933ರಲ್ಲಿ ಕಮಲಾ ಸೊಹೊನಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಅಂದಿನ ನಿರ್ದೇಶಕರಾಗಿದ್ದ ರಾಮನ್ ಅವರು ಮೊದಲು ನಿರಾಕರಿಸಿ, ಬಳಿಕ ಷರತ್ತುಗಳ ಮೇಲೆ ಒಪ್ಪಿದರು. ಆ ಷರತ್ತುಗಳನ್ನು ಗೆದ್ದ ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಅದೇ ರಾಮನ್ ಅವರು ಕಟ್ಟಿದ ಅಕಾಡೆಮಿಯ ಶಿಷ್ಯವೃತ್ತಿಗೆ ಇಂದು ಹೆಣ್ಣುಮಕ್ಕಳು ಯಾವ ಷರತ್ತೂ ಇಲ್ಲದೆ ಅರ್ಜಿ ಸಲ್ಲಿಸುತ್ತಾರೆ. 'ಅಷ್ಟು ದೂರ ಒಬ್ಬಳೇ ಹೇಗೆ' ಎಂಬ ಮನೆಯೊಳಗಿನ ಷರತ್ತು ಮಾತ್ರ ಇನ್ನೂ ಹಲವೆಡೆ ಉಳಿದುಕೊಂಡಿದೆ. ವಸತಿ ಮತ್ತು ಸುರಕ್ಷತೆಯ ಬಗ್ಗೆ ವಿಚಾರಿಸಿ ನಿರ್ಧರಿಸುವುದು ವಿವೇಕ. ವಿಚಾರಿಸದೆಯೇ ಬೇಡವೆನ್ನುವುದು ಅನ್ಯಾಯ.

ಇತರ ಬಾಗಿಲುಗಳು

ಒಂದೇ ಅರ್ಜಿಯನ್ನು ನಂಬಿ ಕುಳಿತುಕೊಳ್ಳಬಾರದು. ಈ ಕೆಳಗಿನವುಗಳನ್ನೂ ಗಮನಿಸಬೇಕೆಂದು ಸೂಚಿಸುತ್ತೇವೆ.

ಜವಾಹರಲಾಲ್ ನೆಹರು ಕೇಂದ್ರ, ಬೆಂಗಳೂರು: ಜಕ್ಕೂರಿನಲ್ಲಿರುವ ಈ ಕೇಂದ್ರವು ಎರಡು ತಿಂಗಳ ಬೇಸಿಗೆ ಶಿಷ್ಯವೃತ್ತಿಯನ್ನು ನೀಡುತ್ತದೆ. ಇದಲ್ಲದೆ ರಸಾಯನಶಾಸ್ತ್ರಕ್ಕೆಂದೇ ಮೀಸಲಾದ ಇನ್ನೊಂದು ಕಾರ್ಯಕ್ರಮವನ್ನೂ ರೂಪಿಸಿದೆ. ಅದರಲ್ಲಿ ಬಿ.ಎಸ್ಸಿ. ಆರಂಭದ ಹಂತದ ಕೆಲವೇ ವಿದ್ಯಾರ್ಥಿಗಳನ್ನು ಆರಿಸಿ, ಸತತ ಮೂರು ಬೇಸಿಗೆಗಳಲ್ಲಿ ತರಬೇತಿ ನೀಡಿ, ಕೊನೆಯಲ್ಲಿ ಡಿಪ್ಲೊಮಾ ಕೊಡಲಾಗುತ್ತದೆ.

ಟಾಟಾ ಮೂಲ ಸಂಶೋಧನಾ ಸಂಸ್ಥೆ, ಮುಂಬಯಿ: ಇಲ್ಲಿಯ ಸಂದರ್ಶಕ ವಿದ್ಯಾರ್ಥಿ ಕಾರ್ಯಕ್ರಮದ ವಿಷಯಗಳಲ್ಲಿ ರಸಾಯನಶಾಸ್ತ್ರವೂ ಸೇರಿದೆ.

ಇನ್‌ಸ್ಪೈರ್ ವಿದ್ಯಾರ್ಥಿವೇತನ: ಕೇಂದ್ರ ಸರ್ಕಾರವು 2008ರಲ್ಲಿ ಆರಂಭಿಸಿದ ಈ ಯೋಜನೆಯ ಫಲಾನುಭವಿಗಳು ಬೇಸಿಗೆಯಲ್ಲಿ ಮಾರ್ಗದರ್ಶಕರೊಬ್ಬರ ಕೈಕೆಳಗೆ ಸಂಶೋಧನಾ ಕಾರ್ಯ ಮಾಡುವುದು ಯೋಜನೆಯ ಅಂಗವೇ ಆಗಿದೆ. ಮನೆಯಲ್ಲಿ ಇನ್‌ಸ್ಪೈರ್ ವಿದ್ಯಾರ್ಥಿಯಿದ್ದರೆ ಅದನ್ನು ಕೇವಲ ಕಾಗದದ ವಿಧಿಯಾಗಿಸದೆ ಒಳ್ಳೆಯ ಪ್ರಯೋಗಾಲಯ ಹುಡುಕಲು ಬಳಸಿಕೊಳ್ಳಬೇಕು.

ಹಿಂದೆ ಹೆಸರುವಾಸಿಯಾಗಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ, ಅಂದರೆ ಕೆ.ವಿ.ಪಿ.ವೈ., 1999ರಲ್ಲಿ ಆರಂಭವಾಗಿ 2022ರಲ್ಲಿ ಇನ್‌ಸ್ಪೈರ್‌ನೊಡನೆ ವಿಲೀನಗೊಂಡಿತು. ಅದರ ಪರೀಕ್ಷೆ ಈಗ ನಡೆಯುವುದಿಲ್ಲ. ಹಿರಿಯ ಮಕ್ಕಳ ಕಾಲದ ನೆನಪಿನಿಂದ ಇನ್ನೂ ಅದನ್ನೇ ವಿಚಾರಿಸುವ ಪೋಷಕರಿರುವುದರಿಂದ ಇದನ್ನು ತಿಳಿಸುತ್ತಿದ್ದೇವೆ.

ವಿದೇಶದಲ್ಲಿ ನೆಲೆಸಿರುವ ಬಂಧುಗಳಿಗೂ ಒಂದು ಮಾತು: ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ನಡೆಯುವ ಪದವಿ ವಿದ್ಯಾರ್ಥಿಗಳ ಸಂಶೋಧನಾ ಕಾರ್ಯಕ್ರಮವು ಮುಖ್ಯವಾಗಿ ಆ ದೇಶದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ಭಾರತದಲ್ಲಿರುವ ವಿದ್ಯಾರ್ಥಿಗಳು ಅದಕ್ಕಾಗಿ ಕಾಲ ವ್ಯಯಿಸಬೇಕಾಗಿಲ್ಲ.

ವರ್ಷದ ಲೆಕ್ಕಾಚಾರ

ನಮ್ಮ ಮನೆಗಳ ಹಬ್ಬಗಳ ಕ್ರಮದಲ್ಲಿಯೇ ಹೇಳುವುದಾದರೆ ನೆನಪಿಡುವುದು ಸುಲಭ. ಗಣೇಶನ ಹಬ್ಬದ ವೇಳೆಗೆ ವಿದ್ಯಾರ್ಥಿಯು ತನಗೆ ಆಸಕ್ತಿಯ ಕ್ಷೇತ್ರ ಯಾವುದೆಂದು ಯೋಚಿಸಿ, ಕಾಲೇಜಿನ ಒಬ್ಬಿಬ್ಬರು ಅಧ್ಯಾಪಕರೊಡನೆ ಮಾತನಾಡಿರಬೇಕು. ದಸರೆಯ ವೇಳೆಗೆ ಅಂಕಪಟ್ಟಿಗಳನ್ನೂ ಕಾಲೇಜಿನ ಪ್ರಮಾಣಪತ್ರವನ್ನೂ ಸಿದ್ಧಮಾಡಿಟ್ಟು, ಆಶಯ ಬರಹದ ಮೊದಲ ಕರಡು ಮುಗಿಸಬೇಕು. ಅಕಾಡೆಮಿಗಳ ಅರ್ಜಿಯ ಗಡುವು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ, ನವೆಂಬರ್ ತಿಂಗಳಿನೊಳಗೆ ಬರುತ್ತದೆ. ಉಳಿದ ಹಲವು ಸಂಸ್ಥೆಗಳ ಅರ್ಜಿಗಳು ಅಲ್ಲಿಂದ ಸಂಕ್ರಾಂತಿ ಕಳೆಯುವವರೆಗೆ ಹರಡಿಕೊಂಡಿರುತ್ತವೆ. ಯುಗಾದಿಯ ಹೊತ್ತಿಗೆ ಫಲಿತಾಂಶಗಳು ಕೈಸೇರಿ, ರೈಲಿನ ಟಿಕೆಟ್ ಕಾಯ್ದಿರಿಸುವ ಕೆಲಸವಷ್ಟೇ ಉಳಿದಿರಬೇಕು. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇದನ್ನು ಸ್ಥೂಲ ಕ್ರಮವೆಂದಷ್ಟೇ ತಿಳಿಯಬೇಕು.

ಆಶಯ ಬರಹ

ಅರ್ಜಿಯ ಜೀವಾಳ ಇದೇ. ಒಂದು ಪುಟಕ್ಕೂ ಮೀರದ ಈ ಪುಟ್ಟ ಬರಹದಲ್ಲಿ, ವಿದ್ಯಾರ್ಥಿಯು ಬೇಸಿಗೆಯಲ್ಲಿ ಏನನ್ನು ಕಲಿಯಬಯಸುತ್ತಾನೆ, ಏಕೆ, ಅದಕ್ಕೆ ತನ್ನಲ್ಲಿರುವ ಸಿದ್ಧತೆ ಏನು ಎಂಬುದನ್ನು ಹೇಳಬೇಕು. 'ಬಾಲ್ಯದಿಂದಲೂ ನನಗೆ ರಸಾಯನಶಾಸ್ತ್ರವೆಂದರೆ ಅಪಾರ ಪ್ರೀತಿ' ಎಂದು ಆರಂಭವಾಗುವ ಬರಹಗಳು ಆಯ್ಕೆಗಾರರ ಮುಂದೆ ರಾಶಿ ಬಿದ್ದಿರುತ್ತವೆ. ಅದರಿಂದ ವಿದ್ಯಾರ್ಥಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಒಂದು ಉದಾಹರಣೆ ನೋಡೋಣ. ನೀರಿನ ರಸಾಯನಶಾಸ್ತ್ರದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿನಿಯೊಬ್ಬಳು 'ಗಂಗೆಯ ಮಾಲಿನ್ಯವನ್ನು ತಡೆಗಟ್ಟುವುದು ನನ್ನ ಗುರಿ' ಎಂದು ಬರೆಯಬಹುದು. 1986ರಲ್ಲಿ ವಾರಾಣಸಿಯಲ್ಲಿಯೇ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ದೊರೆತ ಮೇಲೂ ಸರ್ಕಾರಗಳು ಪೂರ್ತಿ ಸಾಧಿಸಲಾಗದ ಗುರಿಯದು. ಎಂಟು ವಾರಗಳಲ್ಲಿ ಆಗುವ ಕೆಲಸವಲ್ಲ. ಅದರ ಬದಲು ಹೀಗೆ ಬರೆಯಲಿ: ಕಾಲೇಜಿನಲ್ಲಿ ವಿಂಕ್ಲರ್ ವಿಧಾನದಿಂದ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆದಿದ್ದೇನೆ. ಒಂದೇ ಕೆರೆಯ ನೀರು ಬೆಳಗ್ಗೆ ಮತ್ತು ಮಧ್ಯಾಹ್ನ ಬೇರೆ ಬೇರೆ ಫಲಿತಾಂಶ ಕೊಟ್ಟಿತು. ನೀರು ಬಿಸಿಯಾದಂತೆ ಆಮ್ಲಜನಕ ಕರಗುವ ಪ್ರಮಾಣ ತಗ್ಗುತ್ತದೆಂದು ಬಲ್ಲೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 35 ಡಿಗ್ರಿಯಲ್ಲಿ ಸುಮಾರು 7ಕ್ಕೆ ಇಳಿಯುತ್ತದೆ. ಆದರೆ ಮಧ್ಯಾಹ್ನದ ಅಳತೆ ಇಳಿಯುವ ಬದಲು ಏರಿತ್ತು. ಹಗಲಿನಲ್ಲಿ ಪಾಚಿಯು ಬಿಡುಗಡೆ ಮಾಡುವ ಆಮ್ಲಜನಕ ಇದಕ್ಕೆ ಕಾರಣವೇ, ಇವೆರಡು ಪರಿಣಾಮಗಳನ್ನು ಬೇರ್ಪಡಿಸಿ ಅಳೆಯುವುದು ಹೇಗೆ ಎಂಬುದನ್ನು ಕಲಿಯಬಯಸುತ್ತೇನೆ.

ಈ ಬರಹದಲ್ಲಿ ದೊಡ್ಡ ಮಾತುಗಳಿಲ್ಲ. ಆದರೆ ಬರೆದವಳು ಸ್ವತಃ ಪ್ರಯೋಗ ಮಾಡಿದ್ದಾಳೆ, ಫಲಿತಾಂಶವನ್ನು ಕಂಡು ಪ್ರಶ್ನೆ ಕೇಳಿದ್ದಾಳೆ, ತನಗೆ ತಿಳಿದಿರುವುದೆಷ್ಟು ತಿಳಿಯದಿರುವುದೆಷ್ಟು ಎಂಬುದನ್ನು ಬಲ್ಲಳು ಎಂಬ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಸಾವಯವ ಸಂಶ್ಲೇಷಣೆಯಾಗಲಿ, ನ್ಯಾನೋ ಕಣಗಳಾಗಲಿ, ಗಣಕ ರಸಾಯನಶಾಸ್ತ್ರವಾಗಲಿ, ಕ್ರಮ ಇದೇ: ಮಾಡಿದ ಒಂದು ಕೆಲಸ, ಅದರಿಂದ ಹುಟ್ಟಿದ ಒಂದು ಪ್ರಶ್ನೆ, ಅದಕ್ಕೆ ಬೇಕಾದ ಕಲಿಕೆ. ಅರ್ಜಿ ಇಂಗ್ಲಿಷಿನಲ್ಲಿರುವುದಾದರೂ ವಿಚಾರವನ್ನು ಮೊದಲು ಮನೆಮಾತಿನಲ್ಲಿ ತಂದೆತಾಯಿಗೋ ಅಜ್ಜ ಅಜ್ಜಿಗೋ ವಿವರಿಸಿ ನೋಡುವುದು ಒಳ್ಳೆಯ ಅಭ್ಯಾಸ. ಅವರಿಗೆ ಅರ್ಥವಾಗುವಂತೆ ಹೇಳಲು ಸಾಧ್ಯವಾದರೆ ವಿದ್ಯಾರ್ಥಿಗೆ ವಿಷಯ ಸ್ಪಷ್ಟವಾಗಿದೆಯೆಂದೇ ಅರ್ಥ. ಇತರರ ಬರಹವನ್ನೋ ಗಣಕಯಂತ್ರ ಹೆಣೆದುಕೊಟ್ಟ ಬರಹವನ್ನೋ ನಕಲು ಮಾಡುವುದು ಸರ್ವಥಾ ಸಲ್ಲದು. ಮೊದಲ ವಾರದ ಮಾತುಕತೆಯಲ್ಲಿಯೇ ಅದು ಬಯಲಾಗುತ್ತದೆ.

ಶಿಫಾರಸು ಪತ್ರ ಮತ್ತು ನೇರ ಪತ್ರ

ಶಿಫಾರಸು ಪತ್ರವನ್ನು ಕಾಲೇಜಿನ ಅತಿ ದೊಡ್ಡ ಹುದ್ದೆಯವರಿಂದ ಪಡೆಯಬೇಕೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವಿದ್ಯಾರ್ಥಿಯ ಮುಖವನ್ನೇ ನೋಡಿರದ ಪ್ರಾಂಶುಪಾಲರ ಪತ್ರಕ್ಕಿಂತ, ಪ್ರಯೋಗಾಲಯದಲ್ಲಿ ಅವನ ಕೈಕೆಲಸವನ್ನು ವರ್ಷವಿಡೀ ಕಂಡ ಕಿರಿಯ ಅಧ್ಯಾಪಕರ ಪತ್ರಕ್ಕೆ ಹೆಚ್ಚು ತೂಕವಿದೆ. ಕನಿಷ್ಠ ಮೂರು ವಾರ ಮುಂಚಿತವಾಗಿ ವಿನಂತಿಸಿಕೊಳ್ಳಬೇಕು. ಅಂಕಪಟ್ಟಿ, ಆಶಯ ಬರಹದ ಪ್ರತಿ ಮತ್ತು ಗಡುವಿನ ದಿನಾಂಕವನ್ನು ಒಟ್ಟಿಗೆ ಕೊಡಬೇಕು. ವಿದ್ಯಾರ್ಥಿ ತನ್ನ ಭಾಗವನ್ನು ಪೂರ್ಣಗೊಳಿಸಿದ್ದರೂ ಶಿಫಾರಸು ತಲುಪದಿದ್ದರೆ ಅರ್ಜಿ ಅಪೂರ್ಣವಾಗಿಯೇ ಉಳಿಯುವ ಸಂಭವವಿದೆ. ಆದ್ದರಿಂದ ಗಡುವಿಗೆ ಒಂದು ವಾರ ಮೊದಲು ಗೌರವಪೂರ್ವಕವಾಗಿ ಮತ್ತೊಮ್ಮೆ ನೆನಪಿಸುವುದರಲ್ಲಿ ಸಂಕೋಚ ಬೇಡ.

ಯೋಜನೆಗಳ ಮೂಲಕ ಅವಕಾಶ ದೊರೆಯದವರು ಪ್ರಾಧ್ಯಾಪಕರಿಗೆ ನೇರವಾಗಿ ಮಿಂಚಂಚೆ ಬರೆದು ವಿಚಾರಿಸುವುದೂ ರೂಢಿಯಲ್ಲಿದೆ. ಕಾಶಿಯ ಎರಡೂ ವಿಭಾಗಗಳ ಅಧ್ಯಾಪಕರ ಸಂಶೋಧನಾ ಕ್ಷೇತ್ರಗಳ ವಿವರ ಆಯಾ ಸಂಸ್ಥೆಯ ಜಾಲತಾಣದಲ್ಲಿರುತ್ತದೆ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸುವುದರಿಂದ ಪ್ರಯೋಜನವಿಲ್ಲ. ಐದಾರು ಮಂದಿಯನ್ನು ಆರಿಸಿ, ಪ್ರತಿಯೊಬ್ಬರ ಇತ್ತೀಚಿನ ಒಂದು ಪ್ರಬಂಧವನ್ನಾದರೂ ಓದಿ, ಅದರಲ್ಲಿ ತನಗೆ ಅರ್ಥವಾದದ್ದನ್ನೂ ಅರ್ಥವಾಗದ್ದನ್ನೂ ನಾಲ್ಕು ವಾಕ್ಯಗಳಲ್ಲಿ ತಿಳಿಸಿ, ಬರಬಹುದಾದ ದಿನಾಂಕಗಳನ್ನು ಸೂಚಿಸಿ ಬರೆದರೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಹೀಗೆ ದೊರೆತ ಅವಕಾಶದಲ್ಲಿ ಶಿಷ್ಯವೃತ್ತಿಯ ಹಣ ಇಲ್ಲದಿರಬಹುದು, ವಿದ್ಯಾರ್ಥಿನಿಲಯದ ಕೋಣೆಯೂ ಖಚಿತವಿರುವುದಿಲ್ಲ. ಎರಡನ್ನೂ ಮೊದಲೇ ಕೇಳಿ ತಿಳಿದು, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು.

ಪ್ರಯೋಗಾಲಯದಲ್ಲಿ ಎಂಟು ವಾರ

ಮೊದಲ ಒಂದೆರಡು ವಾರ ಓದು, ಸುರಕ್ಷತಾ ನಿಯಮಗಳ ಪರಿಚಯ ಮತ್ತು ಉಪಕರಣಗಳ ಅಭ್ಯಾಸದಲ್ಲಿ ಕಳೆಯುತ್ತದೆ. ಸಂಶ್ಲೇಷಣೆಯ ಪ್ರಯೋಗಾಲಯವಾದರೆ ತೆಳುಪದರ ಕ್ರೊಮಟೋಗ್ರಫಿಯಿಂದ ಕ್ರಿಯೆಯ ಪ್ರಗತಿಯನ್ನು ಗಮನಿಸುವುದು, ಸ್ತಂಭ ಕ್ರೊಮಟೋಗ್ರಫಿಯಿಂದ ಉತ್ಪನ್ನವನ್ನು ಶುದ್ಧೀಕರಿಸುವುದು, ರೋಹಿತದರ್ಶಕದ ಫಲಿತಾಂಶವನ್ನು ಓದುವುದು ಇವು ದಿನನಿತ್ಯದ ಕೆಲಸ. ನಡುವಿನ ವಾರಗಳಲ್ಲಿ ಪ್ರಯೋಗಗಳು ಕೈಕೊಡುವುದೇ ಹೆಚ್ಚು. ಅದು ವಿದ್ಯಾರ್ಥಿಯ ಅಸಾಮರ್ಥ್ಯವಲ್ಲ, ಸಂಶೋಧನೆಯ ಸಹಜ ಗತಿ. ಕೊನೆಯ ಒಂದೂವರೆ ವಾರವನ್ನು ವರದಿ ಬರೆಯಲು ಕಾದಿರಿಸಬೇಕು. ಪ್ರತಿದಿನದ ತೂಕ, ಉಷ್ಣತೆ, ಬಣ್ಣ, ವಿಫಲತೆ ಎಲ್ಲವನ್ನೂ ಅಂದೇ ದಾಖಲೆ ಪುಸ್ತಕದಲ್ಲಿ ಬರೆದಿಟ್ಟವರಿಗೆ ವರದಿ ಸುಲಭ. ನೆನಪನ್ನು ನಂಬಿದವರಿಗೆ ಕಷ್ಟ.

ಸುರಕ್ಷತೆಯ ವಿಷಯದಲ್ಲಿ ರಾಜಿ ಕೂಡದು. ಕಣ್ಣಿಗೆ ರಕ್ಷಣಾ ಕನ್ನಡಕ, ಹತ್ತಿಯ ಉದ್ದ ತೋಳಿನ ಉಡುಪು, ಪಾದವನ್ನು ಪೂರ್ತಿ ಮುಚ್ಚುವ ಬೂಟು, ಕಟ್ಟಿದ ಕೂದಲು ಇವು ಕಡ್ಡಾಯ. ಚಪ್ಪಲಿಯಲ್ಲಿ ಪ್ರಯೋಗಾಲಯ ಪ್ರವೇಶಿಸಬಾರದು. ಅಪರಿಚಿತ ರಾಸಾಯನಿಕವನ್ನು ಮುಟ್ಟುವ ಮೊದಲು ಅದರ ಸುರಕ್ಷತಾ ಪತ್ರವನ್ನು ಓದಬೇಕು. ರಾತ್ರಿ ಒಬ್ಬರೇ ಪ್ರಯೋಗ ನಡೆಸಬಾರದು. ಈ ನಿಯಮಗಳನ್ನು ಯಾರಾದರೂ ಲಘುವಾಗಿ ಕಂಡರೂ ನಮ್ಮ ಮಕ್ಕಳು ಪಾಲಿಸಲೆಂದು ಆಶಿಸುತ್ತೇವೆ.

ಪ್ರಯಾಣ, ವಸತಿ, ಬಿಸಿಲು

ಮೇ ಮತ್ತು ಜೂನ್ ತಿಂಗಳಲ್ಲಿ ಕಾಶಿಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಮಧ್ಯಾಹ್ನ ಬೀಸುವ 'ಲೂ' ಎಂಬ ಬಿಸಿಗಾಳಿ ಬೆಂಗಳೂರು ಮೈಸೂರಿನ ಹವೆಗೆ ಒಗ್ಗಿದವರನ್ನು ಬೇಗ ಬಳಲಿಸುತ್ತದೆ. ನೀರು, ಮಜ್ಜಿಗೆ, ತಲೆಗೆ ಬಟ್ಟೆ ಇವನ್ನು ಮರೆಯಬಾರದು. ಹೊರಗಿನ ಓಡಾಟವನ್ನು ಬೆಳಗ್ಗೆ ಮತ್ತು ಸಂಜೆಗೆ ಇಟ್ಟುಕೊಳ್ಳಬೇಕು. ರೈಲು ನಿಲ್ದಾಣಗಳ ಹೆಸರುಗಳಲ್ಲಿಯೂ ಎಚ್ಚರಿಕೆ ಬೇಕು. ವಾರಾಣಸಿ ಜಂಕ್ಷನ್ ಒಂದು. ಹಿಂದೆ ಮಂಡುವಾಡೀಹ್ ಎನಿಸಿಕೊಂಡು 2021ರಲ್ಲಿ ಬನಾರಸ್ ಎಂದು ಹೆಸರಾದದ್ದು ಇನ್ನೊಂದು. ಮೊಘಲ್‌ಸರಾಯ್ ಎಂದಿದ್ದು 2018ರಲ್ಲಿ ಪಂಡಿತ ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಆದದ್ದು ಮತ್ತೊಂದು. ಕೊನೆಯದು ಗಂಗೆಯ ಆಚೆ ದಡದಲ್ಲಿದ್ದು, ಅಲ್ಲಿಂದ ವಿಶ್ವವಿದ್ಯಾಲಯ ತಲುಪಲು ಇನ್ನೂ ಒಂದಷ್ಟು ರಸ್ತೆ ಪ್ರಯಾಣವಿದೆ. ಬೆಂಗಳೂರಿನಿಂದ ಹೊರಡುವ ಸಂಘಮಿತ್ರ ಎಕ್ಸ್‌ಪ್ರೆಸ್ ನಿಲ್ಲುವುದು ಇಲ್ಲಿಯೇ.

ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಬಳಿಯ ಲಂಕಾ ಪ್ರದೇಶ ಮತ್ತು ಅಸ್ಸಿ ಘಾಟಿನ ಸುತ್ತಮುತ್ತ ವಿದ್ಯಾರ್ಥಿಗಳಿಗೆ ಒದಗುವ ಬಾಡಿಗೆ ಕೋಣೆಗಳಿವೆ. ಆವರಣದೊಳಗಿನ ವಿದ್ಯಾರ್ಥಿನಿಲಯ ಸಿಕ್ಕರೆ ಅದಕ್ಕೇ ಆದ್ಯತೆ ಕೊಡಬೇಕು. ಹಿಂದಿ ಬಾರದವರು ಹೊರಡುವ ಮುನ್ನ ಅಷ್ಟಿಷ್ಟು ಕಲಿತಿದ್ದರೆ ಊಟ, ಆಟೋ, ಔಷಧಿ ಎಲ್ಲಕ್ಕೂ ಅನುಕೂಲ.

ಪೋಷಕರಲ್ಲಿ ಕೆಲವು ವಿನಂತಿಗಳು

ಮೊದಲನೆಯದಾಗಿ, ಹಣದ ಮಾತು. ಶಿಷ್ಯವೃತ್ತಿ ಮಂಜೂರಾಗಿದ್ದರೂ ಮೊದಲ ದಿನವೇ ಹಣ ಕೈಗೆ ಬರುತ್ತದೆಂದು ಎಣಿಸಬಾರದು. ಪ್ರಯಾಣ, ಮುಂಗಡ ಬಾಡಿಗೆ ಮತ್ತು ಮೊದಲ ತಿಂಗಳ ಊಟದ ವೆಚ್ಚವನ್ನು ಮನೆಯಿಂದ ಹೊಂದಿಸಿ, ಟಿಕೆಟ್ಟುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಎರಡನೆಯದಾಗಿ, ಹಣ ಕೊಟ್ಟರೆ 'ಸಂಶೋಧನಾ ಇಂಟರ್ನ್‌ಶಿಪ್' ಪ್ರಮಾಣಪತ್ರ ಕೊಡುವುದಾಗಿ ಹೇಳುವ ಮಧ್ಯವರ್ತಿಗಳಿಂದ ದೂರವಿರಬೇಕು. ನಿಜವಾದ ಶಿಷ್ಯವೃತ್ತಿ ವಿದ್ಯಾರ್ಥಿಗೆ ಹಣ ಕೊಡುತ್ತದೆಯೇ ಹೊರತು ಅವನಿಂದ ವಸೂಲು ಮಾಡುವುದಿಲ್ಲ.

ಮೂರನೆಯದಾಗಿ, 'ಇದರಿಂದ ಕೆಲಸ ಸಿಗುತ್ತದೆಯೇ' ಎಂಬ ನ್ಯಾಯವಾದ ಪ್ರಶ್ನೆ. ನೇರವಾಗಿ ಸಿಗುವುದಿಲ್ಲ. ಆದರೆ ಎಂ.ಎಸ್ಸಿ. ಬಳಿಕ ಸಿ.ಎಸ್.ಐ.ಆರ್.–ಯು.ಜಿ.ಸಿ. ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಶಿಷ್ಯವೃತ್ತಿ ಗಳಿಸಿದವರಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಮನೆಬಾಡಿಗೆ ಭತ್ಯೆ ಪ್ರತ್ಯೇಕ. ಪಿಎಚ್.ಡಿ. ಎಂದರೆ ವರ್ಷಗಟ್ಟಲೆ ಮನೆಯವರ ಮೇಲೆ ಭಾರವೆಂಬ ಹಳೆಯ ಭಾವನೆಯನ್ನು ಈಗ ತಿದ್ದಿಕೊಳ್ಳಬಹುದು. ನಾಲ್ಕು ವರ್ಷಗಳ ಪದವಿಯಲ್ಲಿ ಕೊನೆಯ ವರ್ಷವನ್ನು ಸಂಶೋಧನೆಗೆ ಮೀಸಲಿಡಬಯಸುವವರು ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಅಂಕ ಪಡೆದಿರಬೇಕೆಂಬುದು ಯು.ಜಿ.ಸಿ. 2022ರಲ್ಲಿ ಪ್ರಕಟಿಸಿದ ಚೌಕಟ್ಟಿನ ನಿಯಮ. ಅಂತಹ ವಿದ್ಯಾರ್ಥಿಗಳಿಗೂ ಬೇಸಿಗೆಯ ಅನುಭವ ದಾರಿದೀಪವಾದೀತು.

ಕೊನೆಯದಾಗಿ, ಆಯ್ಕೆಯಾಗದಿದ್ದರೆ ಮಗುವನ್ನು ಹಳಿಯಬೇಡಿ. ಸ್ಥಾನಗಳಿಗಿಂತ ಅರ್ಜಿಗಳು ಬಹುಪಾಲು ಹೆಚ್ಚಿರುತ್ತವೆ. ಅರ್ಜಿಗಾಗಿ ಬರೆದ ಬರಹ, ಓದಿದ ಪ್ರಬಂಧ, ಅಧ್ಯಾಪಕರೊಡನೆ ಬೆಳೆದ ಪರಿಚಯ ಯಾವುದೂ ವ್ಯರ್ಥವಲ್ಲ. ತಮ್ಮ ಕಾಲೇಜಿನಲ್ಲಿಯೇ ಅಧ್ಯಾಪಕರೊಬ್ಬರ ಜೊತೆ ಬೇಸಿಗೆಯಲ್ಲಿ ಕೆಲಸ ಮಾಡಿ, ಮರುವರ್ಷ ಮತ್ತೆ ಅರ್ಜಿ ಹಾಕಬಹುದು. ಎರಡನೆಯ ಅರ್ಜಿ ಮೊದಲನೆಯದಕ್ಕಿಂತ ಗಟ್ಟಿಯಾಗಿರುತ್ತದೆ.

ಸಂಘದ ಸದಸ್ಯರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರೂ ಸಂಶೋಧಕರೂ ಇರುವಿರಿ. ದಸರೆಯ ಸಮಯದಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಂಡು ನಮ್ಮ ಮಕ್ಕಳ ಆಶಯ ಬರಹಗಳನ್ನು ಓದಿ ಸಲಹೆ ನೀಡಿದರೆ ಅದು ದೊಡ್ಡ ಉಪಕಾರವಾಗುತ್ತದೆ. ಪೋಷಕರು ಈ ಲೇಖನವನ್ನು ಏಪ್ರಿಲ್‌ಗೆಂದು ಎತ್ತಿಡದೆ ಈಗಲೇ ಮಕ್ಕಳ ಕೈಗೆ ಕೊಡಬೇಕೆಂದು ಕೋರುತ್ತೇವೆ. ಅರ್ಜಿ ಸಲ್ಲಿಸುವ ಎಲ್ಲ ವಿದ್ಯಾರ್ಥಿಗಳಿಗೂ ಶುಭವಾಗಲಿ.